ಸೊನ್ನೆ ಬರೆಯಲು ಹೆದರುವ ಹಕ್ಕಿಯಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜೌಗಿನ ಅಂಚಿನಲ್ಲಿ, ನಾಲ್ಕನೇ ಗೂಟದ ಪಕ್ಕ, ಹಕ್ಕಿಯಕ್ಕ ಮಡಚುವ ಸ್ಟೂಲಿನ ಮೇಲೆ ಕೂತಿದ್ದಾರೆ. ಮೊಣಕಾಲವರೆಗೆ ರಬ್ಬರ್ ಬೂಟು, ತೊಡೆಯ ಮೇಲೆ ರಟ್ಟಿಗೆ ಸಿಕ್ಕಿಸಿದ ಹಾಳೆ. ಉಸಿರನ್ನೂ ಅಳೆದು ಬಿಡುತ್ತಾರೆ. ಹತ್ತು ನಿಮಿಷ ಕಿವಿಗೊಟ್ಟು ಪೆನ್ಸಿಲ್ ಹಾಳೆಗೆ ತಾಗಿಸಿ, ಬರೆಯದೆ ಎತ್ತುತ್ತಾರೆ. ಮತ್ತೆ ತಾಗಿಸಿ ಒಂದು ಸೊನ್ನೆ ಸುತ್ತುತ್ತಾರೆ.

ಅವರು ಎಣಿಸುವುದು ಜೊಂಡಿನೊಳಗೆ ಬಾಳುವ ಹೆಬ್ಬೆರಳಷ್ಟು ಕಂದು ಹಕ್ಕಿಯನ್ನು. ಕಣ್ಣಿಗೆ ಬೀಳುವುದು ಅಪರೂಪ, ಕೂಗಿನಿಂದಲೇ ಲೆಕ್ಕ. ಗಾಜಿನ ಮೇಲೆ ಸೂಜಿ ಎಳೆದಂಥ ಕೂಗು ಅದರದು. ಯಾವ ಜೀವಿ ಎಷ್ಟು ಉಳಿದಿದೆ, ಯಾವುದು ಅಳಿವಿನ ಅಂಚಿಗೆ ಬಂತು ಎಂದು ತೂಗಿ ನೋಡುವ ಕಚೇರಿ ಪೇಟೆಯಲ್ಲಿದೆ. ಯಾವ ಜಾಗಕ್ಕೆ ಕಾವಲು ಬೇಕು, ಯಾವುದಕ್ಕೆ ಬೇಡ ಎಂಬುದು ಅಲ್ಲಿಯ ಪಟ್ಟಿ ನೋಡಿ ತೀರ್ಮಾನವಾಗುತ್ತದೆ. ಆ ಪಟ್ಟಿಯ ಬುಡ ಈ ಸ್ಟೂಲಿನ ಮೇಲಿದೆ ಎಂದು ತಿಳಿದವರು ಕಡಿಮೆ.

ಹನ್ನೆರಡು ಗೂಟ, ಒಂದೊಂದರ ಬಳಿ ಹತ್ತು ನಿಮಿಷ, ವರ್ಷಕ್ಕೆ ಅರವತ್ತು ಬೆಳಗು. ಹೀಗೆ ಇಪ್ಪತ್ತಮೂರು ವರ್ಷ. ಮೊದಲ ವರ್ಷ ನಲವತ್ತೊಂದು ಹಕ್ಕಿ. ನನಗೂ ನೆನಪಿದೆ, ಆಗ ಈ ದಾರಿಯಲ್ಲಿ ನಡೆದರೆ ಎರಡೂ ಕಡೆ ಕೂಗೋ ಕೂಗು. ಆಮೇಲೆ ಹದಿನೇಳು, ಆರು, ಎರಡು. ಹೋದ ವರ್ಷ ಸೊನ್ನೆ. ಈ ವರ್ಷ ಇವತ್ತಿಗೆ ಐವತ್ತೆಂಟು ಬೆಳಗು, ಎಲ್ಲವೂ ಸೊನ್ನೆ. ಇನ್ನೆರಡು ಕಳೆದರೆ ಫಾರಮ್ಮಿನಲ್ಲಿ "ಅಳಿದಿದೆ" ಎಂಬ ಚೌಕಕ್ಕೆ ಗುರುತು ಬೀಳಬೇಕು. ಬಿದ್ದರೆ ಕಾವಲು ಎತ್ತುತ್ತಾರೆ. ಮಣ್ಣು ತುಂಬುವ ಲಾರಿಗಳು ಆಚೆ ದಂಡೆಯಲ್ಲಿ ಈಗಲೇ ಸಾಲುಗಟ್ಟಿವೆ.

ಆ ಗುರುತನ್ನು ಅವರು ಹಿಂದೊಮ್ಮೆ ಹಾಕಿದ್ದಾರೆ. ಹನ್ನೊಂದು ವರ್ಷದ ಹಿಂದೆ, ಇಟ್ಟಿಗೆ ಗೂಡಿನ ಹಿಂದಿದ್ದ ಜೌಗಿಗೆ. ಮೂರನೇ ವಾರಕ್ಕೆ ಬುಲ್ಡೋಜರ್ ಓಡಿಸುವವನು ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಮನೆ ಬಾಗಿಲಿಗೆ ಬಂದ.

"'ಅಕ್ಕಾ, ಇದು ನಿಮ್ಮ ಹಕ್ಕೀದಾ ನೋಡಿ' ಅಂದ. ಟೋಪಿಯೊಳಗೆ ಮೂರು ಮೊಟ್ಟೆ. ಇನ್ನೂ ಬೆಚ್ಚಗಿದ್ವು," ಎನ್ನುತ್ತಾರೆ. "ಆ ವರ್ಷ ಮಳೆ ತಡ. ಅವೂ ಒಂದು ತಿಂಗಳು ತಡವಾಗಿ ಕೂಗಿರ್ತವೆ. ನಾನು ಅಷ್ಟರಲ್ಲಿ ಹಾಳೆ ಮಡಚಿಟ್ಟಿದ್ದೆ. ಇಲ್ಲ ಅಂತ ಬರೆದವಳೂ ನಾನೇ, ಇಲ್ಲದ ಹಾಗೆ ಮಾಡಿದವಳೂ ನಾನೇ."

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದರು ಹಿರಿಯರು. ಕಾಣದ್ದನ್ನು ಎಷ್ಟು ಸಲ ಪರಾಂಬರಿಸಬೇಕೋ.

ಈಗಿನ ಭಯ ಇನ್ನೊಂದು. ಹತ್ತು ದಿನದ ಹಿಂದೆ ಮೊಮ್ಮಗಳಿಗೆ ಜ್ವರ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಅದು ಕೂಗಲಿ ಎಂದು ಹಕ್ಕಿಯಕ್ಕ ಕಾಯುತ್ತಿದ್ದರು. ಪಕ್ಕದ ಕೋಣೆಯಿಂದ ಮಗಳು, "ತೆಗಿಯಮ್ಮ, ಮೂರು ಸಲ ಕೂಗಿ ಸುಮ್ನಾಯ್ತು" ಎಂದಳು.

"ಯಾವಾಗ ಕೂಗ್ತೇ?"

ಹಕ್ಕಿಯಕ್ಕನ ಗಂಡ ದರ್ಜಿ. ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ, "ಮೂವತ್ತು ವರ್ಷದಿಂದ ನನ್ನ ಮಾತೇ ಕೇಳಿಸ್ಕೊಂಡಿಲ್ಲ ನಿಮ್ಮಮ್ಮ, ಅದ್ಯಾವ ಲೆಕ್ಕ" ಎಂದರು. ಮಗಳು ನಕ್ಕಳು. ಹಕ್ಕಿಯಕ್ಕ ನಗಲಿಲ್ಲ.

"ಅದರ ಕೂಗೂ ಅಷ್ಟೇ ಸಣ್ಣದು," ಎನ್ನುತ್ತಾರೆ ಪಿಸುದನಿಯಲ್ಲಿ. "ಹೋಗಿರೋದು ಹಕ್ಕಿಯೋ, ನನ್ನ ಕಿವಿಯೋ?"

ಹೇಳಿದರೆ ಕೆಲಸ ಉಳಿಯುವುದಿಲ್ಲ. ಆದರೂ ಹನ್ನೆರಡನೇ ಗೂಟ ಮುಗಿಸಿ, ಕೆಸರು ಬೂಟಿನಲ್ಲೇ ಕಚೇರಿಗೆ ನಡೆಯುತ್ತಾರೆ. ಮೆಟ್ಟಿಲಲ್ಲಿ ಎರಡು ಸಲ ನಿಲ್ಲುತ್ತಾರೆ.

"ಬನ್ನಿ ಅಕ್ಕ, ಗುರುತು ಹಾಕಿ ತಂದ್ರಾ? ಮೇಲಿನವರು ದಿನಾ ಕೇಳ್ತಿದಾರೆ," ಎನ್ನುತ್ತಾರೆ ಅಧಿಕಾರಿ.

"ಹಾಕಲ್ಲ ಮೇಡಂ. ನನ್ನ ಎರಡು ವರ್ಷದ ಹಾಳೆ ನಂಬಬೇಡಿ. ನನಗೆ ಸಣ್ಣ ಸದ್ದು ಕೇಳಿಸ್ತಿಲ್ಲ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕುತ್ತಾರೆ. "ಇದನ್ನ ಬರ್ಕೊಟ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ಹಾಕ್ತಾರೆ. ಗೊತ್ತಲ್ಲ?"

"ಗೊತ್ತು. ಎಳೇ ಕಿವಿಯವರನ್ನ ಹಾಕಿ. ಬೇಗ ಹಾಕಿ, ಇನ್ನೆರಡೇ ಬೆಳಗಿದೆ."

ಬರೆದುಕೊಟ್ಟು, ನಾಳೆಗೇ ಹೊಸಬಳನ್ನು ಕಳಿಸುವ ಮಾತು ಪಡೆದು ಹೊರಗೆ ಬಂದವರು ಬೂಟಿನ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಾ ಕೂತಿದ್ದಾರೆ. ಇನ್ನೇನು ಆಸೆ ಎಂದು ಕೇಳಿದೆ.

"ನಾಳೆ ಹೊಸಬಳು ನಾಲ್ಕನೇ ಗೂಟದ ಹತ್ರ ಕೂತ್ಕೋತಾಳೆ. ನಾನೂ ಪಕ್ಕದಲ್ಲಿ ನಿಂತಿರ್ತೀನಿ. 'ಅಗೋ ಕೂಗ್ತು, ನಿಮಗೆ ಕೇಳಿಸ್ಲಿಲ್ವಾ' ಅಂತ ಅವಳು ನನ್ನ ಮುಖ ನೋಡ್ಬೇಕು. ನಾನು ಇಲ್ಲ ಅನ್ನಬೇಕು. ಅಷ್ಟು ಸಾಕು ನನಗೆ."