ಅತ್ತೆಯ ಬೆರಳು ನಿಂತ ಜಾಗ

ಕಣ್ಣಿಗೆ ಕಾಣದ್ದನ್ನು ಕಂಡೆವೆನ್ನುವವರ ಮಾತಿಗೆ ಮೂಗು ಮುರಿಯುತ್ತಿದ್ದವಳು ನಾನು. ತಮಾಷೆಯೆಂದರೆ, ಎಪ್ಪತ್ತರ ದಶಕದಲ್ಲಿ ನನಗೆ ಸಂಬಳ ಬರುತ್ತಿದ್ದದ್ದೇ ಕಾಣದ್ದನ್ನು ಹುಡುಕುವುದಕ್ಕೆ.

ಸೂಲಿಬೆಲೆಯಿಂದ ಬಸ್ಸು ಹಿಡಿದು ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಹೋಗುತ್ತಿದ್ದೆ. ಹೊರದೇಶದ ದೊಡ್ಡ ಯಂತ್ರದಲ್ಲಿ ಸೂಕ್ಷ್ಮ ಕಣಗಳನ್ನು ಡಿಕ್ಕಿ ಹೊಡೆಸಿ ತೆಗೆದ ಫೋಟೋಗಳು ಅಲ್ಲಿಗೆ ಬರುತ್ತಿದ್ದವು. ವಿದ್ಯುದಂಶವೇ ಇಲ್ಲದ ಒಂದು ಭಾರವಾದ ಕಣ ಇರಬೇಕೆಂದು ವಿಜ್ಞಾನಿಗಳ ಊಹೆ. ವಿದ್ಯುದಂಶವಿರುವ ಕಣಗಳು ಹೋದ ದಾರಿ ಫೋಟೋದಲ್ಲಿ ಗೆರೆಯಾಗಿ ಮೂಡುತ್ತದೆ, ಇದು ಗೆರೆ ಬಿಡುವುದಿಲ್ಲ. ಏನೂ ಇಲ್ಲದ ಕಡೆಯಿಂದ ಸಣ್ಣ ಗೆರೆಗಳು ಹೊರಟಿದ್ದರೆ ಅದೇ ಅದರ ಸುಳಿವು. ಒಂದೇ ಫೋಟೋವನ್ನು ಇಬ್ಬರು ಬೇರೆಬೇರೆಯಾಗಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಜೊತೆಯವಳಿಗೆ ಕಂಡದ್ದು ಎರಡು ಸಲ ನನ್ನ ಕಣ್ಣಿಗೆ ತಪ್ಪಿತ್ತು. ಮೂರನೆಯ ಸಲವೂ ತಪ್ಪಿದಾಗ ಮೇಲಧಿಕಾರಿ ಆ ಫೋಟೋದ ದೊಡ್ಡ ಪ್ರಿಂಟು ಕೊಟ್ಟು, "ಇದ್ರಲ್ಲಿ ಎಲ್ಲಿದೆ ಅಂತ ಸೋಮವಾರ ತೋರಿಸಮ್ಮ. ಇಲ್ದಿದ್ರೆ ಈ ಕೆಲಸ ನಿನಗಲ್ಲ" ಎಂದರು.

ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಅದನ್ನು ಹರಡಿಕೊಂಡು ಕೂತಿದ್ದೆ, ಅಳುವುದೊಂದು ಬಾಕಿ. ಅತ್ತೆ ಗೋಡೆ ಹಿಡಿದು ಬಂದು ಪಕ್ಕದಲ್ಲಿ ಕೂತರು. ಬಿಸಿನೀರಿಗೆ ಕೈಯಿಟ್ಟು ರೇಷ್ಮೆಗೂಡಿನ ಎಳೆ ತೆಗೆಯುತ್ತಲೇ ಮಕ್ಕಳನ್ನು ಸಾಕಿದವರು. ಈಗ ಪೊರೆ ಬಂದು ಎರಡು ಕಣ್ಣೂ ಹೋಗಿದ್ದವು. ನನ್ನನ್ನು ಕೆಲಸಕ್ಕೆ ಕಳಿಸಲು ಮನೆಯವರೊಂದಿಗೆಲ್ಲ ಜಗಳವಾಡಿದ ಪುಣ್ಯಾತ್ಗಿತ್ತಿ ಅವರೇ.

"ಯಾಕಮ್ಮ, ಉಸಿರೇ ಬಿಡ್ತಾ ಇಲ್ಲ?"

"ಎಳೆ ಶುರುವಾಗೋ ಜಾಗ ಸಿಗ್ತಿಲ್ಲ ಅತ್ತೆ."

"ಎಳೇನಾ? ಕೊಡು ಇಲ್ಲಿ."

ನಗು ಬಂತು. ಆದರೂ ಬೇಡವೆನ್ನಲು ಮನಸ್ಸಾಗಲಿಲ್ಲ. ನುಣುಪಾದ ಕಾಗದದ ಮೇಲೆ ನಿಧಾನವಾಗಿ ಬೆರಳಾಡಿಸುತ್ತ ಹೋದವರು ಅದರ ಒಂದು ಖಾಲಿ ಮೂಲೆಯಲ್ಲಿ ಬೆರಳು ನಿಲ್ಲಿಸಿದರು. "ಇಲ್ಲಿ ಬೆಚ್ಚಗೈತೆ ಕಣಮ್ಮ. ಇಲ್ಲಿಂದ್ಲೇ ಹೊಂಟಿರೋದು."

ನಾನೂ ಮುಟ್ಟಿದೆ. ತಣ್ಣಗಿತ್ತು. ಜಗಲಿಗೆ ಬಿಸಿಲೂ ಬಂದಿರಲಿಲ್ಲ. ಅವರ ಸಮಾಧಾನಕ್ಕೆಂದು ಅಲ್ಲೊಂದು ಪೆನ್ಸಿಲ್ ಚುಕ್ಕೆಯಿಟ್ಟೆ.

ಸೋಮವಾರ ಬೇರೇನೂ ತೋಚದೆ ಆ ಚುಕ್ಕೆಯನ್ನೇ ತೋರಿಸಿದೆ. ಅಧಿಕಾರಿ ಫಿಲ್ಮನ್ನು ಇನ್ನಷ್ಟು ದೊಡ್ಡದು ಮಾಡಿ ನೋಡಿದರು. ಕೂದಲಿಗಿಂತ ಸಣ್ಣ ಮೂರು ಗೆರೆಗಳು ಸರಿಯಾಗಿ ಅಲ್ಲಿಂದಲೇ ಹೊರಟಿದ್ದವು. ಜೊತೆಯವಳು ಗುರುತಿಸಿದ್ದೂ ಅದನ್ನೇ. ಪುಸ್ತಕದಲ್ಲಿ 'ಕಂಡವರು' ಎಂಬಲ್ಲಿ ನಾನು ನನ್ನ ಹೆಸರು ಬರೆದೆ. ಕೆಲಸ ಉಳಿಯಿತು. ಸಂಜೆ ಹೇಳಿದಾಗ ಅತ್ತೆ, "ಯಾರ ಹೆಸ್ರಾದ್ರೇನು, ಎಳೆ ಸಿಕ್ತಲ್ಲ" ಎಂದು ನಕ್ಕುಬಿಟ್ಟರು.

ಆ ಭಾರದ ಕಣ ಕೊನೆಗೂ ಸಿಕ್ಕಿತೆಂದು ಪತ್ರಿಕೆಯಲ್ಲಿ ಓದುವ ಹೊತ್ತಿಗೆ ಅತ್ತೆ ಇರಲಿಲ್ಲ. ಕಾಕತಾಳೀಯ ಎನ್ನುತ್ತೀರೇನೋ. ನಾನೂ ಎಷ್ಟೋ ಸಲ ಹಾಗೆಂದುಕೊಂಡಿದ್ದೇನೆ. ಪ್ರಿಂಟು ಇನ್ನೂ ಪೆಟ್ಟಿಗೆಯಲ್ಲಿದೆ, ಯಾವಾಗ ಮುಟ್ಟಿದರೂ ತಣ್ಣಗೇ ಇರುತ್ತದೆ. ಅಂದು ಬರೆಯದೆ ಹೋದದ್ದನ್ನು ಇಂದು ಇಲ್ಲಾದರೂ ಬರೆಯುತ್ತೇನೆ. ಕಂಡವಳು ನಾನಲ್ಲ, ಕಣ್ಣಿಲ್ಲದ ನಮ್ಮತ್ತೆ. ಹೇಗೆಂದು ಕೇಳಬೇಡಿ, ನನಗೆ ಗೊತ್ತಿಲ್ಲ.