ಹಿಡಿಕೆ ಇಲ್ಲದ ಕೆಟಲ್

ಸಾಲಿಯಲ್ಲಿ ಡ್ರಾಯಿಂಗ್ ಕಲಿಸಿ ರಿಟೈರ್ ಆದ ಮೇಲೆ ನಮ್ಮಕ್ಕ ಬಣ್ಣ ಮುಟ್ಟಿದವಳಲ್ಲ. ಬಿಳಿ ಹಾಳೆ, ಕಪ್ಪು ಇಂಕು, ಎದುರಿಗೆ ಮನೆಯದೇ ಸಾಮಾನು. ಸಪ್ತಾಪುರದ ನಮ್ಮ ಹಾಲಿನಲ್ಲಿ ಅವಳ ಹೊಸ ಚಿತ್ರಗಳನ್ನು ಗೋಡೆಗೆ ಒರಗಿಸಿಟ್ಟಿದ್ದೆವು: ಹಿಡಿಕೆ ಇಲ್ಲದ ಕೆಟಲ್, ಒಂದೇ ತೋಳಿನ ಕುರ್ಚಿ, ಒಂದೇ ಗಾಜಿನ ಚಾಳೀಸು.

ಎಕ್ಸಿಬಿಷನ್ನಿಗೆ ಆರಿಸಲು ಬಂದ ಲೆಕ್ಚರರು ಮೆಲ್ಲಗೆ ಹೇಳಿದರು, “ಹಿಡಿಕಿ ಇಲ್ಲದ ಕೆಟಲ್! ಯಜಮಾನ್ರು ಹೋದ ಮ್ಯಾಲೆ ಉಳಿದ ಅರ್ಧ ಬಾಳೇದ ಸಿಂಬಾಲಿಸಂ ಇದು.”

ನಾನೂ ತಲೆದೂಗಿದೆ. ಪೇಂಟಿಂಗಿನಲ್ಲಿ ಆರಿದ ಮೇಣದಬತ್ತಿ ಎಂದರೆ ಮರಣ ಎಂದು ಕಾನ್ವೆಂಟಿನಲ್ಲಿ ಕಲಿತವಳಲ್ಲವೇ.

“ಕೆಟಲ್ ಅಂದ್ರ ಕೆಟಲ್ ರೀ, ಚಾ ಕಾಸೂದು,” ಎಂದಳು ಅಕ್ಕ. “ಅರ್ಧ ಯಾವುದು?”

ಅವರು ನಕ್ಕರು. ನನಗೆ ನಗು ಬರಲಿಲ್ಲ. ಅವರು ಹೋದ ಮೇಲೆ ಒಂದೊಂದೇ ಚಿತ್ರ ನೋಡಿದೆ. ಎಲ್ಲದರಲ್ಲೂ ಇಲ್ಲದ್ದು ಬಲಭಾಗವೇ. ಮುಂಜಾನೆ ಅಕ್ಕ ಬಾಗಿಲ ಚೌಕಟ್ಟಿಗೆ ಬಲಭುಜ ಬಡಿಸಿಕೊಂಡಿದ್ದಳು.

ಊಟಕ್ಕೆ ಬಡಿಸಿದೆ. ಚಟ್ನಿ, ಕೋಸಂಬರಿ ಎಡಕ್ಕೆ, ಪಲ್ಯ ಬಲಕ್ಕೆ. ಅವ್ವನ ಕಾಲದಿಂದ ನಮ್ಮಲ್ಲಿ ಇದು ತಪ್ಪಿಲ್ಲ. ಅಕ್ಕ ಚಟ್ನಿಯಲ್ಲೇ ಭಕ್ರಿ ಮುಗಿಸುತ್ತಾ ಬಂದಳು.

“ಇವತ್ತ ಪಲ್ಯಾ ಮಾಡಿಲ್ಲೇನ?”

ಬದನೆಕಾಯಿ ಪಲ್ಯ ಅವಳ ತಾಟಿನಲ್ಲೇ ಇತ್ತು, ಮುಟ್ಟದೇ. ನಾನು ತಾಟನ್ನು ತಿರುಗಿಸಿಟ್ಟೆ.

“ಈಗ ಬಡಿಸಿದೇನು? ಗೊತ್ತs ಆಗ್ಲಿಲ್ಲ ನೋಡು,” ಎಂದು ತಿನ್ನತೊಡಗಿದಳು.

ಒಳಗೆ ಹೋಗಿ ಕಣ್ಣಿನ ಡಾಕ್ಟರರಿಗೆ ಫೋನ್ ಮಾಡಿದೆ. ಚಿತ್ರ, ತಾಟು ಎಲ್ಲ ಹೇಳಿದೆ. “ಕಣ್ಣಿಂದs ಇರಬೇಕಂತಿಲ್ರಿ, ತಲೀಗೆ ಸಂಬಂಧ ಇರಬಹುದು. ಸ್ಟ್ರೋಕ್ ಆಗಿರಬಹುದು. ಈಗಿಂದೀಗ ಹುಬ್ಬಳ್ಳಿಗೆ ದೊಡ್ಡ ದವಾಖಾನಿಗೆ ಕರಕೊಂಡು ಹೋಗ್ರಿ,” ಎಂದರು.

ಟ್ಯಾಕ್ಸಿಯಲ್ಲಿ ಗಡಿಬಿಡಿಯಲ್ಲಿ ಅವಳ ಬಲಕ್ಕೇ ಕೂತೆ. ಸ್ವಲ್ಪ ದೂರ ಹೋದ ಮೇಲೆ ಅಕ್ಕ ಎಡಗಡೆಯ ಕಿಟಕಿಯತ್ತ ನೋಡುತ್ತಾ, “ನೀ ಹತ್ತಲೇ ಇಲ್ಲೇನ?” ಎಂದಳು.

“ಇಲ್ಲೇ ಇದ್ದೇನಿ, ಅಕ್ಕಾ.” ಅವಳ ಕೈ ಹಿಡಿದೆ.

ಕತ್ತು ಪೂರಾ ಹೊರಳಿಸಿ, ನಾನು ಕಾಣುವತನಕ ಹೊರಳಿಸಿ, ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, “ಖರೇ ಹೇಳು. ನನ್ನ ಕೆಟಲ್‌ಗೆ ಹಿಡಿಕಿ ಇಲ್ಲೇನ?”