ಬಾಗಿಲಿಗೆ ಬಿದ್ದ ಪ್ರೋಟೋಜೋವಾ

ಅರವತ್ತರ ದಶಕದಲ್ಲಿ ನಾವು ಬರೋಡಾದ ಅಲ್ಕಾಪುರಿಯಲ್ಲಿದ್ದಾಗ ಎದುರುಮನೆಯಲ್ಲಿ ಮೈಸೂರು ಕಡೆಯ ವಿಜ್ಞಾನಿಯೊಬ್ಬರಿದ್ದರು. ತೈಲ ಹುಡುಕುವ ಆಫೀಸಿನ ಕೆಲಸ. ಬಾವಿ ಕೊರೆದಾಗ ಬಂದ ಮಣ್ಣನ್ನು ತೊಳೆದು, ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಪ್ರೋಟೋಜೋವಾಗಳ ಚಿಪ್ಪು ಹುಡುಕುತ್ತಿದ್ದರು. ಸಿಕ್ಕ ಚಿಪ್ಪು ನೋಡಿ, ಇನ್ನೂ ಕೊರೆಯಬೇಕೋ ಬೇಡವೋ ಹೇಳುತ್ತಿದ್ದರು.

“ಒಂದೇ ಕೋಶದ ಪ್ರಾಣಿ ಕಣ್ರೀ. ಸಣ್ಣದು ಅಂತ ಅಸಡ್ಡೆ ಮಾಡ್ಬಾರ್ದು,” ಎಂದು ಹೆಬ್ಬೆರಳಿಗೆ ತೋರುಬೆರಳು ಒತ್ತಿ, ನಮಗೆ ಕಾಣದ್ದನ್ನು ತೋರಿಸುತ್ತಿದ್ದರು. ಕಾಫಿ ಆರಿಹೋದರೂ ಆ ಬೆರಳು ಬಿಡಿಸುತ್ತಿರಲಿಲ್ಲ.

ಒಂದು ದೀಪಾವಳಿಗೆ, ರಜೆ ಮುಗಿಯುವುದರೊಳಗೆ ಉತ್ತರ ಕೊಡಬೇಕೆಂದು, ತೊಳೆದು ಬಿಳಿ ಪುಡಿಯಂತಾದ ಮಣ್ಣನ್ನು ಮನೆಗೇ ತಂದು ತಟ್ಟೆಯಲ್ಲಿ ಹರಡಿ ವರಾಂಡದಲ್ಲಿ ಒಣಗಲು ಇಟ್ಟರು. ಪಕ್ಕದ ತಟ್ಟೆಯಲ್ಲಿ ಅವರ ಹೆಂಡತಿಯ ರಂಗೋಲಿ ಪುಡಿ ಒಣಗುತ್ತಿತ್ತು. ಹಬ್ಬದ ಬೆಳಿಗ್ಗೆ ಆಕೆ ಕೈಗೆ ಸಿಕ್ಕ ತಟ್ಟೆ ಎತ್ತಿಕೊಂಡು ಬಾಗಿಲ ತುಂಬ ರಂಗೋಲಿ ಹಾಕಿದರು.

ನಾನು ಹೋಳಿಗೆ ಕೊಡಲು ಹೋದಾಗ ಅವರು ಹೊಸ ಪಂಚೆಯಲ್ಲೇ ಬಾಗಿಲ ಮುಂದೆ ಬೋರಲು ಮಲಗಿದ್ದರು. ಭೂತಗನ್ನಡಿ ಹಿಡಿದು, ಒದ್ದೆ ಕುಂಚದ ತುದಿಯಿಂದ ರಂಗೋಲಿಯ ಕಣಗಳನ್ನು ಒಂದೊಂದಾಗಿ ಎತ್ತುತ್ತಿದ್ದರು. ಕ್ಯಾನು ಹಿಡಿದ ಹಾಲಿನವನು ಒಂಟಿಕಾಲಲ್ಲಿ ನಿಂತಿದ್ದ.

“ತಡಿಯಪ್ಪಾ. ಸಣ್ಣದು ಅಂತ ಅಸಡ್ಡೆ ಮಾಡ್ಬಾರ್ದು,” ಎಂದು ಆ ಗುಜರಾತಿಗೂ ಕನ್ನಡದಲ್ಲೇ ಹೇಳಿದರು. ಆಮೇಲೆ ತಲೆ ಎತ್ತದೆ ಹೆಂಡತಿಗೆ, “ಗಾಬರಿಯಾಗ್ಬೇಡ ಕಣೇ. ಒಂದೊಂದು ಎಳೆಯನ್ನೂ ನೋಡ್ತಿದ್ದೀನಿ,” ಎಂದರು.

ಆಕೆಗೆ ಗಾಬರಿಯೇನೂ ಆಗಿರಲಿಲ್ಲ. ಬಾಗಿಲಿಗೆ ಒರಗಿ ನಿಂತು ನಿಧಾನವಾಗಿ ಹೇಳಿದರು:

“ನೋಡಿ, ನೋಡಿ. ಮದುವೆಯಾದಾಗಿಂದ ದಿನಾ ಹಾಕ್ತಿದ್ದೀನಿ. ಇವತ್ತೇ ನೀವು ನೋಡ್ತಿರೋದು.”